ನ್ಯೂಸ್‌ಗ್ರೂಪ್ ಸೇವೆ ಮತ್ತು ಡೌನ್‌ಲೋಡ್ ವೇಗ: ಬಳ್ಳಾರಿ, ಕೊಪ್ಪಳ, ರಾಯಚೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿಯಲ್ಲಿ ನಾವು ಒಂದು ಸಣ್ಣ ನ್ಯೂಸ್‌ಗ್ರೂಪ್ ಸೇವೆ ನಡೆಸುತ್ತೇವೆ. ಬರಹದ ಗುಂಪುಗಳ ಸರ್ವರ್ ಊರಲ್ಲೇ ಇದೆ. ಫೈಲ್‌ಗಳ ಗುಂಪುಗಳಿಗೆ ಆಮ್‌ಸ್ಟರ್‌ಡ್ಯಾಮ್‌ನ ದೊಡ್ಡ ಸರ್ವರ್ ಒಂದರಿಂದ ಸಗಟು ಲೆಕ್ಕದಲ್ಲಿ ಖಾತೆ ಪಡೆದು ಕೊಡುತ್ತೇವೆ. ಫೋನಿನಲ್ಲಿ, ಪತ್ರದಲ್ಲಿ, ಎದುರಿಗೆ ಸಿಕ್ಕಾಗ ಜನ ಕೇಳುವ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಇಲ್ಲಿ ಇಟ್ಟಿದ್ದೇವೆ. ಹೆಚ್ಚಿನವು ಸ್ಪೀಡ್ ಬಗ್ಗೆ. ಹಾಗಾಗಿ ಉತ್ತರವೂ ಅಲ್ಲೇ ಉದ್ದ.

## ಹೊಸಬರಿಗೆ

ಇದು ಏನು ಅಂತ ಸರಳವಾಗಿ ಹೇಳ್ತೀರಾ? ನಮ್ಮ ಮನೇಲಿ ಯಾರಿಗೂ ಗೊತ್ತಿಲ್ಲ.

ಯೂಸ್‌ನೆಟ್ ಅನ್ನುವ ಹಳೆಯ ಜಾಲ ಒಂದಿದೆ. ಅದರಲ್ಲಿ ವಿಷಯಕ್ಕೊಂದು ಗುಂಪು, ಅದನ್ನೇ ನ್ಯೂಸ್‌ಗ್ರೂಪ್ ಅನ್ನುತ್ತಾರೆ. ನೀವು ಬರೆದದ್ದು ಮೊದಲು ನಿಮ್ಮ ಸರ್ವರ್‌ಗೆ ಬರುತ್ತದೆ. ಆ ಸರ್ವರ್ ತನ್ನ ಜೊತೆಗಾರ ಸರ್ವರ್‌ಗಳಿಗೆ ಒಂದೊಂದು ಪ್ರತಿ ಕೊಡುತ್ತದೆ. ಅವು ಮತ್ತೆ ತಮ್ಮ ಜೊತೆಗಾರರಿಗೆ ಕೊಡುತ್ತವೆ. ಸ್ವಲ್ಪ ಹೊತ್ತಿನಲ್ಲಿ ಅದೇ ಬರಹ ಬೇರೆ ಬೇರೆ ದೇಶಗಳ ಸರ್ವರ್‌ಗಳಲ್ಲಿ ಇರುತ್ತದೆ. ಮಧ್ಯದಲ್ಲಿ ಒಬ್ಬ ಮಾಲೀಕ ಅಂತ ಇಲ್ಲ.

1979ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ ಇದನ್ನು ಯೋಚಿಸಿದರು. ಮರುವರ್ಷ ಜಾಲ ಓಡಲು ಶುರುವಾಯಿತು. ಲಿನಕ್ಸ್ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಮ್ ಬರುತ್ತಿದೆ ಎಂದು ಲಿನಸ್ ಟೊರ್ವಾಲ್ಡ್ಸ್ 1991ರ ಆಗಸ್ಟ್ 25ರಂದು ಮೊದಲು ತಿಳಿಸಿದ್ದು ಕಾಂಪ್.ಓಎಸ್.ಮಿನಿಕ್ಸ್ ಅನ್ನುವ ಗುಂಪಿನಲ್ಲೇ. ನಮ್ಮ ನಾಡಿನ ಮಾತಿಗೆ ಅಂತಲೇ ಸಾಕ್.ಕಲ್ಚರ್.ಇಂಡಿಯನ್.ಕರ್ನಾಟಕ ಅನ್ನುವ ಗುಂಪೂ ಇದೆ.

ವಾಟ್ಸ್‌ಆ್ಯಪ್, ಟೆಲಿಗ್ರಾಂ ಇರುವಾಗ ಇದು ಯಾಕೆ ಬೇಕು?

ಎಲ್ಲರಿಗೂ ಬೇಕಿಲ್ಲ. ಮದುವೆ ಕರೆಯೋಲೆ ಕಳಿಸೋಕೆ ವಾಟ್ಸ್‌ಆ್ಯಪ್ ಸಾಕು. ಆದರೆ ಭತ್ತದ ರೋಗದ ಬಗ್ಗೆ ಗಂಗಾವತಿಯವರು ಎರಡು ವರ್ಷದ ಹಿಂದೆ ಕೊಟ್ಟ ಒಳ್ಳೆ ಉತ್ತರವನ್ನು ಇವತ್ತು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹುಡುಕಿ ನೋಡಿ. ಗುಂಪಿಗೆ ಆಮೇಲೆ ಸೇರಿದವರಿಗೆ ಅದು ಕಾಣುವುದೇ ಇಲ್ಲ. ನ್ಯೂಸ್‌ಗ್ರೂಪ್‌ನಲ್ಲಿ ಪ್ರಶ್ನೆಯ ಕೆಳಗೇ ಉತ್ತರ ಜೋಡಿಸಿಕೊಂಡು ಇರುತ್ತದೆ. ಹೊಸದಾಗಿ ಬಂದವರೂ ಹಳೆಯದನ್ನು ಓದಬಹುದು. ಫೋನ್ ನಂಬರ್ ಯಾರಿಗೂ ಕೊಡಬೇಕಿಲ್ಲ. ಒಂದು ಕಂಪನಿ ಬಾಗಿಲು ಹಾಕಿದರೂ ಬರಹ ಬೇರೆ ಸರ್ವರ್‌ಗಳಲ್ಲಿ ಉಳಿಯುತ್ತದೆ. ನಾವು ಈ ಕೆಲಸ ಹಿಡಿದದ್ದೇ ಇದಕ್ಕಾಗಿ.

ಮೊದ್ಲು ಗೂಗಲ್‌ನಲ್ಲಿ ಫ್ರೀ ಇತ್ತಲ್ವಾ?

ಇತ್ತು. ಡೇಜಾ ಅನ್ನುವ ಯೂಸ್‌ನೆಟ್ ಬರಹಗಳ ಸಂಗ್ರಹವನ್ನು ಗೂಗಲ್ 2001ರಲ್ಲಿ ಕೊಂಡು ಗೂಗಲ್ ಗ್ರೂಪ್ಸ್‌ಗೆ ಸೇರಿಸಿತು. 2024ರ ಫೆಬ್ರವರಿ 22ರಿಂದ ಯೂಸ್‌ನೆಟ್‌ಗೆ ಅಲ್ಲಿಂದ ಹೊಸದಾಗಿ ಬರೆಯುವುದೂ ಇಲ್ಲ, ಹೊಸ ಬರಹ ಬರುವುದೂ ಇಲ್ಲ. ಹಳೆಯದು ಮಾತ್ರ ಓದಲು ಸಿಗುತ್ತದೆ. ನಮ್ಮ ಬರಹದ ಗುಂಪುಗಳೂ ಉಚಿತವೇ. ಆಮ್‌ಸ್ಟರ್‌ಡ್ಯಾಮ್ ಖಾತೆಗೆ ಮಾತ್ರ ದುಡ್ಡು, ಯಾಕೆಂದರೆ ಅದನ್ನು ನಾವೂ ದುಡ್ಡು ಕೊಟ್ಟೇ ತರುತ್ತೇವೆ.

ಶುರು ಮಾಡೋಕೆ ಏನೇನು ಬೇಕು?

ಒಂದು ಖಾತೆ, ಒಂದು ಓದುವ ಸಾಫ್ಟ್‌ವೇರ್. ಬರಹಕ್ಕೆ ಥಂಡರ್‌ಬರ್ಡ್ ಸಾಕು, ಉಚಿತ. ಅದರ ಸೆಟ್ಟಿಂಗ್‌ನಲ್ಲಿ ಪೋರ್ಟ್ (ಸರ್ವರ್‌ನ ಬಾಗಿಲಿನ ನಂಬರ್) 563 ಹಾಕಿ, ಎಸ್‌ಎಸ್‌ಎಲ್ (ಡೇಟಾವನ್ನು ಗೂಢಲಿಪಿಯಲ್ಲಿ ಕಳಿಸುವ ಆಯ್ಕೆ) ಆನ್ ಮಾಡಿ. ಹಳೆಯ ಪೋರ್ಟ್ 119ರಲ್ಲಿ ನಿಮ್ಮ ಪಾಸ್‌ವರ್ಡ್ ಮುಚ್ಚುಮರೆಯಿಲ್ಲದೆ ಹೋಗುತ್ತದೆ. ಅದನ್ನು ಬಳಸಬೇಡಿ. ದೊಡ್ಡ ಫೈಲ್ ಇಳಿಸುವವರಿಗೆ ಸ್ಯಾಬ್‌ಎನ್‌ಜಡ್‌ಬಿ ಥರದ ಬೇರೆ ಸಾಫ್ಟ್‌ವೇರ್ ಬೇಕು.

## ಸ್ಪೀಡ್: ಮೊದಲ ದೂರುಗಳು

100 ಎಂಬಿ ಪ್ಲಾನ್ ಹಾಕ್ಸಿದೀನಿ. 11 ಮೇಲೆ ಹೋಗ್ತಾನೇ ಇಲ್ಲ. ಯಾಕೆ?

ನಿಮಗೆ ಪೂರ್ತಿ ಸ್ಪೀಡ್ ಬರುತ್ತಿದೆ. ಪ್ಲಾನ್‌ನಲ್ಲಿ ಹೇಳುವುದು ಮೆಗಾಬಿಟ್, ಸಾಫ್ಟ್‌ವೇರ್ ತೋರಿಸುವುದು ಮೆಗಾಬೈಟ್. 8 ಬಿಟ್‌ಗೆ 1 ಬೈಟ್. 100 ಅನ್ನು 8ರಿಂದ ಭಾಗಿಸಿದರೆ 12.5. ಡೇಟಾದ ಪ್ರತಿ ಸಣ್ಣ ಕಟ್ಟಿಗೆ, ಅಂದರೆ ಪ್ಯಾಕೆಟ್‌ಗೆ ಅಂಟುವ ವಿಳಾಸ, ಗೂಢಲಿಪಿಯ ಹೊರೆ ಎಲ್ಲಾ ಕಳೆದರೆ 11ರಿಂದ 11.8 ಉಳಿಯುತ್ತದೆ.

ಸ್ಪೀಡ್ ಟೆಸ್ಟ್‌ನಲ್ಲಿ ಪೂರ್ತಿ ಬರುತ್ತೆ. ನಿಮ್ಮಲ್ಲಿ ಮಾತ್ರ ಬರಲ್ಲ. ನೀವೇ ಕಟ್ ಮಾಡ್ತಿದೀರಾ?

ಇಲ್ಲ, ನಾವು ಯಾರ ಸ್ಪೀಡನ್ನೂ ತಗ್ಗಿಸುವುದಿಲ್ಲ. ಆದರೆ ನೀವು ಕಂಡದ್ದೂ ನಿಜವೇ. ಕಾರಣ ಸ್ವಲ್ಪ ಬಿಡಿಸಿ ಹೇಳಬೇಕು.

ಸ್ಪೀಡ್ ಟೆಸ್ಟ್ ಯಾವಾಗಲೂ ಹತ್ತಿರದ ಸರ್ವರ್ ಹುಡುಕುತ್ತದೆ. ನಮ್ಮ ಕಡೆಯಿಂದ ಅದು ಸಾಮಾನ್ಯವಾಗಿ ಬೆಂಗಳೂರು ಅಥವಾ ಹೈದರಾಬಾದ್. ಅಲ್ಲಿಗೆ ಹೋಗಿ ಬರಲು 10ರಿಂದ 20 ಮಿಲಿಸೆಕೆಂಡ್ ಸಾಕು. ಆಮ್‌ಸ್ಟರ್‌ಡ್ಯಾಮ್‌ಗೆ ಹೋಗಿ ಬರಲು, ದಾರಿ ಚೆನ್ನಾಗಿದ್ದ ದಿನವೂ, 150ರ ಆಸುಪಾಸು ಬೇಕು. ಇದನ್ನು ಯಾರೂ ಪೂರ್ತಿ ಇಲ್ಲದಂತೆ ಮಾಡಲಾರರು. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಬಳ್ಳಾರಿಯಿಂದ ಆಮ್‌ಸ್ಟರ್‌ಡ್ಯಾಮ್‌ಗೆ ನೇರ ಗೆರೆ ಎಳೆದರೇ ಸುಮಾರು 7,500 ಕಿಲೋಮೀಟರ್. ಹೋಗಿ ಬರಲು ಕನಿಷ್ಠ 75 ಮಿಲಿಸೆಕೆಂಡ್ ಆಯಿತು. ಕೇಬಲ್ ನೇರ ಹೋಗುವುದಿಲ್ಲ. ಮುಂಬೈಗೆ ಹೋಗಿ, ಸಮುದ್ರಕ್ಕೆ ಇಳಿದು, ಅರಬಸ್ತಾನವನ್ನು ಬಳಸಿ, ಯುರೋಪ್ ಏರುತ್ತದೆ. ಹಾಗಾಗಿ ದುಪ್ಪಟ್ಟು.

ಈ ಕಾಯುವಿಕೆ ಸ್ಪೀಡನ್ನು ಹೇಗೆ ತಿನ್ನುತ್ತದೆ? ಸರ್ವರ್ ಡೇಟಾವನ್ನು ಒಂದೇ ಸಲ ಸುರಿಯುವುದಿಲ್ಲ. ಒಂದಿಷ್ಟು ಕಳಿಸಿ, ಸಿಕ್ಕಿತು ಅನ್ನುವ ಉತ್ತರ ನಿಮ್ಮಿಂದ ಬಂದ ಮೇಲೆ ಮುಂದಿನದು ಕಳಿಸುತ್ತದೆ. ಆ 'ಒಂದಿಷ್ಟು' 64 ಕಿಲೋಬೈಟ್ ಅಂತ ಇಟ್ಟುಕೊಳ್ಳಿ. ಉತ್ತರ 15 ಮಿಲಿಸೆಕೆಂಡ್‌ಗೆ ಬಂದರೆ ಸೆಕೆಂಡಿಗೆ 35 ಮೆಗಾಬಿಟ್ ಸಾಗುತ್ತದೆ. 150ಕ್ಕೆ ಬಂದರೆ ಬರೀ 3.5. ಲೈನ್ ಅದೇ, ಪ್ಲಾನ್ ಅದೇ, ಸ್ಪೀಡ್ ಹತ್ತರಲ್ಲಿ ಒಂದು ಭಾಗ. ಈಗಿನ ಕಂಪ್ಯೂಟರ್‌ಗಳು ಈ ಅಳತೆಯನ್ನು ತಾವಾಗಿಯೇ ದೊಡ್ಡದು ಮಾಡಿಕೊಳ್ಳುತ್ತವೆ. 100 ಮೆಗಾಬಿಟ್ ತುಂಬಲು ಸುಮಾರು 1.9 ಮೆಗಾಬೈಟ್ ದಾರಿಯಲ್ಲೇ ಇರಬೇಕು. ಆದರೆ ದಾರಿಯಲ್ಲಿ ಒಂದು ಪ್ಯಾಕೆಟ್ ಕಳೆದರೂ ಸರ್ವರ್ ಹೆದರಿ ಅಳತೆ ತಗ್ಗಿಸುತ್ತದೆ. ಮತ್ತೆ ಏರಲು ಎಷ್ಟೋ ಸುತ್ತು ಬೇಕು. ಆಮ್‌ಸ್ಟರ್‌ಡ್ಯಾಮ್‌ನ ಒಂದೊಂದು ಸುತ್ತೂ ಬೆಂಗಳೂರಿನ ಹತ್ತು ಸುತ್ತಿಗೆ ಸಮ.

ನಮ್ಮ ಊರಿನ ಸರ್ವರ್‌ನಿಂದ ಬರಹ ತೆಗೆದು ನೋಡಿ, ಕ್ಲಿಕ್ ಮಾಡಿದ ಕೂಡಲೇ ತೆರೆದುಕೊಳ್ಳುತ್ತದೆ. ದೂರದ ಲೆಕ್ಕ ಆಗ ನಿಮಗೇ ಅರ್ಥವಾಗುತ್ತದೆ.

ಹಾಗಾದ್ರೆ ಕನೆಕ್ಷನ್ 50 ಇಟ್ರೆ ಜಾಸ್ತಿ ಬರುತ್ತಾ?

ಒಂದು ಮಟ್ಟದವರೆಗೆ ಬರುತ್ತದೆ. ಕನೆಕ್ಷನ್ ಅಂದರೆ ನಿಮ್ಮ ಸಾಫ್ಟ್‌ವೇರ್ ಸರ್ವರ್ ಜೊತೆ ಒಂದೇ ಸಲಕ್ಕೆ ತೆರೆಯುವ ದಾರಿಗಳು. ಒಂದು ಕನೆಕ್ಷನ್‌ಗೆ 3.5 ಆದರೆ ಹತ್ತಕ್ಕೆ 35. ಒಂದು ಕನೆಕ್ಷನ್ ಎಡವಿದರೆ ಉಳಿದವು ಓಡುತ್ತಿರುತ್ತವೆ. ಆದರೆ ನಿಮ್ಮ ಲೈನ್ ತುಂಬಿದ ಮೇಲೆ ಇನ್ನೂ ಸೇರಿಸಿದರೆ ಲಾಭ ಇಲ್ಲ. ಅಗ್ಗದ ರೂಟರ್ ತಡವರಿಸಬಹುದು. ಮನೆಯಲ್ಲಿ ಬೇರೆಯವರ ವಿಡಿಯೊ ಕಾಲ್ ಹರಿದುಹೋಗುತ್ತದೆ.

8ರಿಂದ ಶುರು ಮಾಡಿ. ಐದು ನಿಮಿಷ ನೋಡಿ 12 ಮಾಡಿ. ಆಮೇಲೆ 20. ಎಲ್ಲಿ ಏರುವುದು ನಿಂತಿತೋ ಅದರ ಹಿಂದಿನ ಅಂಕಿಗೆ ಬನ್ನಿ. ನಮ್ಮ ಖಾತೆಗೆ ಮಿತಿ 30. 100 ಮೆಗಾಬಿಟ್ ಲೈನಿಗೆ 12ಕ್ಕಿಂತ ಜಾಸ್ತಿ ಬೇಕಾಗುವುದು ಅಪರೂಪ.

ಸಂಜೆ 8 ಆಯ್ತು ಅಂದ್ರೆ ಸತ್ತಂಗಾಗುತ್ತೆ. ಬೆಳಗ್ಗೆ ಚೆನ್ನಾಗಿರುತ್ತೆ.

ಮನೆಗೆ ಬರುವ ಫೈಬರ್ ನಿಮ್ಮೊಬ್ಬರದಲ್ಲ. ಸಾಮಾನ್ಯವಾಗಿ ಸುಮಾರು 2.5 ಗಿಗಾಬಿಟ್‌ನ ಒಂದು ಎಳೆಯನ್ನು 32 ಅಥವಾ 64 ಮನೆಗಳಿಗೆ ಒಡೆದಿರುತ್ತಾರೆ. ಇಷ್ಟಕ್ಕೇ ತೊಂದರೆ ಆಗುವುದು ಕಡಿಮೆ. ನಿಜವಾದ ಇಕ್ಕಟ್ಟು ಅದರ ಹಿಂದೆ ಇರುತ್ತದೆ. ಊರಿನ ಆಪರೇಟರ್ ಮೇಲಿನವರಿಂದ ಎಷ್ಟು ಕೊಂಡಿದ್ದಾರೋ ಅಷ್ಟರಲ್ಲೇ ಎಲ್ಲರೂ ಹಂಚಿಕೊಳ್ಳಬೇಕು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ಮಾನ್ವಿ ಕಡೆಯ ರೈತರಿಗೆ ಇದನ್ನು ವಿವರಿಸಬೇಕಿಲ್ಲ. ಅಣೆಕಟ್ಟೆಯಲ್ಲಿ ಎಷ್ಟೇ ನೀರು ಬಿಟ್ಟರೂ, ಮೇಲಿನವರು ತಿರುಗಿಸಿಕೊಂಡ ಮೇಲೆ ಉಳಿದದ್ದೇ ಅವರಿಗೆ.

ಒಂದು ಪರೀಕ್ಷೆ ಮಾಡಿ. ಒಂದೇ ಫೈಲನ್ನು ಬೆಳಗಿನ ಜಾವ 5ಕ್ಕೆ, ರಾತ್ರಿ 9ಕ್ಕೆ ಇಳಿಸಿ. ಎರಡೂ ಅಂಕಿ ಬರೆದಿಟ್ಟುಕೊಂಡು ಆಪರೇಟರ್‌ಗೆ ತೋರಿಸಿ. 'ನಿಧಾನ ಐತಿ' ಅನ್ನುವ ದೂರಿಗಿಂತ ಅಂಕಿ ಇರುವ ದೂರಿಗೆ ಬೇಗ ಉತ್ತರ ಸಿಗುತ್ತದೆ. ಅಷ್ಟರವರೆಗೆ ದೊಡ್ಡ ಫೈಲ್‌ಗಳನ್ನು ರಾತ್ರಿ 1ರ ಮೇಲೆ ಇಳಿಯುವಂತೆ ಟೈಮ್ ಹಾಕಿಡಿ. ಹೆಚ್ಚಿನ ಸಾಫ್ಟ್‌ವೇರ್‌ಗಳಲ್ಲಿ ಆ ಸೌಲಭ್ಯ ಇದೆ.

ನನ್ನ ತಮ್ಮನಿಗೆ ಸಿಂಧನೂರಿನಲ್ಲಿ ಚೆನ್ನಾಗಿ ಬರುತ್ತೆ. ಸಿರುಗುಪ್ಪದಲ್ಲಿ ನನಗೆ ಅದೇ ಪ್ಲಾನ್, ಅದೇ ಖಾತೆ, ಅರ್ಧವೂ ಬರಲ್ಲ.

ಮನೆಯೊಳಗೆ ನೋಡಿ. ಕಂಪ್ಯೂಟರನ್ನು ತಂತಿಯಿಂದ ರೂಟರ್‌ಗೆ ಜೋಡಿಸಿ ಒಮ್ಮೆ ಇಳಿಸಿ. ಸ್ಪೀಡ್ ಬಂತು ಅಂದರೆ ತಪ್ಪು ವೈಫೈನದು. 2.4 ಗಿಗಾಹರ್ಟ್ಸ್ ವೈಫೈ, ಎರಡು ದಪ್ಪ ಗೋಡೆ ದಾಟಿದ ಮೇಲೆ, 30-40 ಮೆಗಾಬಿಟ್ ಕೊಟ್ಟರೆ ದೊಡ್ಡದು. ನಮ್ಮ ಕಡೆಯ ಹಳೆ ಕಲ್ಲಿನ ಮನೆಗಳಲ್ಲಿ ಇನ್ನೂ ಕಡಿಮೆ. ತಂತಿಯಲ್ಲೂ ಬರದಿದ್ದರೆ ರೂಟರ್‌ನ ಪೋರ್ಟ್ ನೋಡಿ. ಹಳೆಯವು 100ಕ್ಕೇ ನಿಲ್ಲುತ್ತವೆ.

ಕೊನೆಗೆ ಡಿಸ್ಕ್. ಇಳಿಯುವುದು, ತಪ್ಪು ಸರಿಮಾಡುವುದು, ಬಿಚ್ಚುವುದು ಮೂರೂ ಒಂದೇ ಹಳೆ ಹಾರ್ಡ್‌ಡಿಸ್ಕ್ ಮೇಲೆ ನಡೆದರೆ ಡೌನ್‌ಲೋಡ್ ಕುಂಟುತ್ತದೆ. ಇಳಿಯುವ ಜಾಗಕ್ಕೆ ಒಂದು ಸಣ್ಣ ಎಸ್‌ಎಸ್‌ಡಿ ಹಾಕಿದರೆ ಪ್ಲಾನ್ ಏರಿಸುವುದಕ್ಕಿಂತ ಜಾಸ್ತಿ ಉಪಯೋಗ ಆದದ್ದನ್ನು ನೋಡಿದ್ದೇವೆ.

ಕೆಂಪು ಸಮುದ್ರದಲ್ಲಿ ಕೇಬಲ್ ಹರಿದ್ರೆ ಬಳ್ಳಾರಿಗೆ ಏನು?

ನೇರ ಸಂಬಂಧ ಇದೆ. ಯುರೋಪಿಗೆ ಹೋಗುವ ನಮ್ಮ ಡೇಟಾದ ಮುಖ್ಯ ದಾರಿ ಅದೇ. 2024ರ ಶುರುವಿನಲ್ಲಿ ಅಲ್ಲಿ ಕೇಬಲ್‌ಗಳು ಹರಿದವು. 2025ರ ಸೆಪ್ಟೆಂಬರ್‌ನಲ್ಲಿ ಜೆಡ್ಡಾ ಬಳಿ ಮುಂಬೈಗೆ ಬರುವ ಎರಡು ಕೇಬಲ್‌ಗಳಿಗೆ ಪೆಟ್ಟಾಯಿತು. ಇಂಥ ಹೊತ್ತಿನಲ್ಲಿ ಡೇಟಾ ಸಿಂಗಪುರ, ಅಮೆರಿಕದ ಕಡೆಯಿಂದ ಸುತ್ತಿಕೊಂಡು ಬರುತ್ತದೆ. ಹೋಗಿ ಬರುವ ಸಮಯ ತುಂಬಾ ಏರುತ್ತದೆ. ಆಗ ಕನೆಕ್ಷನ್ ಸಂಖ್ಯೆಯನ್ನು 20ಕ್ಕೆ ಏರಿಸಿ. ಸ್ವಲ್ಪ ಚೇತರಿಕೆ ಕಾಣುತ್ತದೆ. ರಿಪೇರಿ ಹಡಗು ಬರುವವರೆಗೆ ಅದಕ್ಕಿಂತ ಜಾಸ್ತಿ ನಮ್ಮ ಕೈಯಲ್ಲಿಲ್ಲ.

ತಿಂಗಳ ಕೊನೇ ವಾರ ಪೂರ್ತಿ ಆಮೆ ವೇಗ. ಏನಾಗಿದೆ?

'ಅನ್‌ಲಿಮಿಟೆಡ್' ಪ್ಲಾನ್‌ಗೂ ಮಿತಿ ಇರುತ್ತದೆ. ಅನೇಕ ಮನೆ ಪ್ಲಾನ್‌ಗಳಲ್ಲಿ ತಿಂಗಳಿಗೆ 3,300 ಗಿಗಾಬೈಟ್. ಅದು ದಾಟಿದ ಮೇಲೆ ಸ್ಪೀಡ್ ಇಳಿಸುತ್ತಾರೆ. 100 ಮೆಗಾಬಿಟ್‌ನಲ್ಲಿ ಬಿಡದೆ ಇಳಿಸಿದರೆ ಈ ಮಿತಿ ಮುಗಿಯಲು 73 ಗಂಟೆ ಸಾಕು, ಅಂದರೆ ಮೂರು ದಿನ. ನಿಮ್ಮ ಪ್ಲಾನ್‌ನ ಸಣ್ಣ ಅಕ್ಷರ ಓದಿ.

## ಫೈಲ್, ಅಕ್ಷರ, ಕರೆಂಟ್

ಫೈಲ್ 97 ಪರ್ಸೆಂಟ್‌ಗೆ ಬಂದು ನಿಲ್ಲುತ್ತೆ. ಅಷ್ಟು ಹೊತ್ತು ಸುಮ್ನೆ ಹೋಯ್ತಾ?

ಹೋಗಿಲ್ಲ. ಯೂಸ್‌ನೆಟ್ ಹುಟ್ಟಿದ್ದು ಬರಹಕ್ಕೆ. ಅದರಲ್ಲಿ ಫೈಲ್ ಕಳಿಸಬೇಕೆಂದರೆ ಅದನ್ನು ಸಾವಿರಾರು ಚೂರು ಮಾಡಬೇಕು. ಒಂದೊಂದು ಚೂರೂ ಒಂದು ಬರಹ, ಸಾಮಾನ್ಯವಾಗಿ 700 ಕಿಲೋಬೈಟ್ ಆಸುಪಾಸು. ಹಿಂದೆ ಯುಯುಎನ್‌ಕೋಡ್ ಅನ್ನುವ ವಿಧಾನದಲ್ಲಿ ಫೈಲ್ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಉಬ್ಬುತ್ತಿತ್ತು. 2001ರಲ್ಲಿ ಜರ್ಮನಿಯ ಯೂರ್ಗನ್ ಹೆಲ್ಬಿಂಗ್ ಮಾಡಿದ ವೈಎನ್‌ಕ್ ಬಂದ ಮೇಲೆ ಆ ಉಬ್ಬರ 1-2 ಪರ್ಸೆಂಟ್‌ಗೆ ಇಳಿಯಿತು. ಅದೇ ಲೈನಿನಲ್ಲಿ ಅಷ್ಟು ಸ್ಪೀಡ್ ಪುಕ್ಕಟೆ ಸಿಕ್ಕಂತಾಯಿತು.

ಸಾವಿರಾರು ಚೂರುಗಳಲ್ಲಿ ಕೆಲವು ದಾರಿ ತಪ್ಪುತ್ತವೆ. ಅದಕ್ಕೇ ಫೈಲ್ ಜೊತೆ ಪಾರ್2 ಅನ್ನುವ ದುರಸ್ತಿ ಚೂರುಗಳನ್ನೂ ಹಾಕುತ್ತಾರೆ. ಎಷ್ಟು ಚೂರು ಕಳೆದಿದೆಯೋ ಅಷ್ಟು ದುರಸ್ತಿ ಚೂರು ಸಿಕ್ಕರೆ ಸಾಕು. ಯಾವುದು ಕಳೆದಿದೆ ಅನ್ನುವುದು ಮುಖ್ಯವೇ ಅಲ್ಲ, ಲೆಕ್ಕದಿಂದ ಮರಳಿ ಕಟ್ಟುತ್ತದೆ. 97ಕ್ಕೆ ನಿಂತರೆ ಪಾರ್2 ಇದೆಯಾ ನೋಡಿ. ಇಲ್ಲದಿದ್ದರೆ ಆ ಫೈಲ್ ಬಿಟ್ಟುಬಿಡಿ, ಮತ್ತೆ ಮತ್ತೆ ಒತ್ತಿದರೆ ಪ್ರಯೋಜನ ಇಲ್ಲ.

502, 481, 430 ಅಂತೆಲ್ಲಾ ಬರುತ್ತೆ. ಏನದು?

481 ಅಂದರೆ ಹೆಸರು ಅಥವಾ ಪಾಸ್‌ವರ್ಡ್ ತಪ್ಪು. 430 ಅಂದರೆ ಆ ಬರಹ ಸರ್ವರ್‌ನಲ್ಲಿ ಇಲ್ಲ. 502 ನಮ್ಮಲ್ಲಿ ಬಂದರೆ ಹೆಚ್ಚಾಗಿ ಕನೆಕ್ಷನ್ ಮಿತಿ ಮೀರಿದೆ ಅಂತ. ಬೇರೆ ಮನೆಯಲ್ಲಿ ಅದೇ ಖಾತೆ ಓಡುತ್ತಿದೆಯಾ ನೋಡಿ.

ಕರೆಂಟ್ ಹೋಗಿ ಬಂದ್ರೆ ಮೊದಲಿಂದ ಇಳಿಸ್ಬೇಕಾ?

ಬೇಡ. ಸಿಕ್ಕ ಚೂರುಗಳು ಡಿಸ್ಕ್‌ನಲ್ಲೇ ಇರುತ್ತವೆ. ಉಳಿದದ್ದನ್ನು ಮಾತ್ರ ಕೇಳುತ್ತದೆ. ಆದರೆ ಒಂದು ಮಾತು. ಕಂಪ್ಯೂಟರ್‌ಗೆ ಯುಪಿಎಸ್ ಹಾಕಿ ಫೈಬರ್ ಡಬ್ಬಿಯನ್ನು ಹಾಗೇ ಬಿಟ್ಟವರು ತುಂಬಾ ಜನ. ಶಕ್ತಿನಗರ, ಕುಡತಿನಿ ಎರಡೂ ಕಡೆ ದೊಡ್ಡ ವಿದ್ಯುತ್ ಸ್ಥಾವರ ಇರುವ ಸೀಮೆ ನಮ್ಮದು. ಆದರೂ ಬೇಸಿಗೆಯಲ್ಲಿ ಕರೆಂಟ್ ಕಣ್ಣುಮುಚ್ಚಾಲೆ ತಪ್ಪಿಲ್ಲ. ಡಬ್ಬಿಗೆ 12 ವೋಲ್ಟ್‌ನ ಒಂದು ಸಣ್ಣ ಯುಪಿಎಸ್ ಹಾಕಿ.

ನಾನು ಹಾಕಿದ ಕನ್ನಡ ಬೇರೆಯವರಿಗೆ ಗಜಿಬಿಜಿ ಇಂಗ್ಲಿಷ್ ಅಕ್ಷರವಾಗಿ ಕಾಣುತ್ತಂತೆ.

'ನುಡಿ' ಅಥವಾ 'ಬರಹ' ಅನ್ನುವ ಟೈಪಿಂಗ್ ಸಾಫ್ಟ್‌ವೇರ್‌ನ ಹಳೆ ಫಾಂಟ್‌ನಲ್ಲಿ ಟೈಪ್ ಮಾಡಿ ಅಂಟಿಸಿದ್ದೀರಿ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ಸಾಫ್ಟ್‌ವೇರ್‌ನಲ್ಲಿ ಯುಟಿಎಫ್-8 ಆರಿಸಿ. ಇನ್ನೊಂದು ಸೆಟ್ಟಿಂಗ್ ಕೂಡ ನೋಡಿ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. 'ಕೋಟೆಡ್ ಪ್ರಿಂಟಬಲ್' ಅಂತ ಆರಿಸಿದರೆ ಅದು 9 ಆಗುತ್ತದೆ. 'ಬೇಸ್64' ಆದರೆ 4. '8 ಬಿಟ್' ಇಟ್ಟರೆ 3ರಲ್ಲೇ ಮುಗಿಯುತ್ತದೆ. ನಮ್ಮ ಭಾಷೆ ಈ ಜಾಲದಲ್ಲಿ ಹಗುರವಾಗಿ ಓಡಾಡಲಿ ಅನ್ನುವ ಆಸೆಯಿಂದ ನಮ್ಮ ಸರ್ವರ್‌ನಲ್ಲಿ 8 ಬಿಟ್‌ಗೆ ಮೊದಲಿನಿಂದ ಅವಕಾಶ ಇಟ್ಟಿದ್ದೇವೆ. ಸಾಲು ಮಾತ್ರ ತುಂಬಾ ಉದ್ದ ಬೇಡ. ಒಂದು ಸಾಲಿಗೆ 998 ಬೈಟ್ ಮಿತಿ, ಅಂದರೆ ಸುಮಾರು 330 ಕನ್ನಡ ಸಂಕೇತ. ಎಂಟರ್ ಒತ್ತದೆ ಇಡೀ ಪ್ಯಾರಾ ಬರೆದರೆ ಮಧ್ಯೆ ಮುರಿಯಬಹುದು.

## ಕಾನೂನು, ಗುಟ್ಟು

ಹೊಸ ಸಿನಿಮಾ ಇಳಿಸ್ಬಹುದಾ? ಎಲ್ಲರೂ ಅದಕ್ಕೇ ತಗೊಳ್ತಾರಂತೆ.

ಬೇಡ. 1957ರ ಕೃತಿಸ್ವಾಮ್ಯ ಕಾಯ್ದೆಯ 63ನೇ ಕಲಮಿನ ಪ್ರಕಾರ 6 ತಿಂಗಳಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ಆಗಬಹುದು. ಅದಕ್ಕೂ ಮೊದಲು, ಅದು ಇನ್ನೊಬ್ಬರ ದುಡಿಮೆ. ಲಿನಕ್ಸ್ ಡಿಸ್ಕ್, ಹಕ್ಕು ಮುಗಿದ ಹಳೆ ಧ್ವನಿಮುದ್ರಣ, ಬರೆದವರೇ ಹಂಚಿದ ಫೋಟೊ ಮತ್ತು ಪುಸ್ತಕ, ಇವಕ್ಕೆ ಖಾತೆ ತೆಗೆದುಕೊಳ್ಳಿ. ಹಕ್ಕುದಾರರ ದೂರು ಬಂದರೆ ನಾವು 24 ಗಂಟೆಯಲ್ಲಿ ಸಿಕ್ಕಿದೆ ಎಂದು ತಿಳಿಸಿ, ಕ್ರಮ ತೆಗೆದುಕೊಳ್ಳುತ್ತೇವೆ.

ನಾನು ಏನು ಓದ್ತೀನಿ ಅಂತ ನಿಮಗೆ ಗೊತ್ತಾಗುತ್ತಾ?

ಯಾವ ಬರಹ ಓದಿದಿರಿ ಅನ್ನುವುದನ್ನು ನಾವು ಬರೆದಿಡುವುದಿಲ್ಲ. ಯಾವಾಗ, ಯಾವ ಐಪಿಯಿಂದ (ನಿಮ್ಮ ಲೈನಿನ ಇಂಟರ್ನೆಟ್ ವಿಳಾಸ) ಲಾಗಿನ್ ಆದಿರಿ, ಏನು ಪೋಸ್ಟ್ ಮಾಡಿದಿರಿ ಅನ್ನುವ ಲಾಗ್ ಇಡುತ್ತೇವೆ. 2022ರ ಏಪ್ರಿಲ್ 28ರ ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಭದ್ರತೆ ಸಂಸ್ಥೆ) ಆದೇಶದಂತೆ ಲಾಗ್ 180 ದಿನ ಇರಬೇಕು. ಆಮೇಲೆ ಅಳಿಸುತ್ತೇವೆ.

## ನಡೆಸುವವರಿಗೆ

ಸ್ಪೀಡ್ ಜಾಸ್ತಿ ಮಾಡೋಕೆ ಸರ್ವರ್ ಕಡೆಯಿಂದ ಏನು ಮಾಡ್ಬಹುದು?

ಮೂರು ಕೆಲಸ ಲಾಭ ಕೊಟ್ಟಿವೆ. ಕಳಿಸುವ ಬಫರ್ ಅನ್ನು (ಸಿಕ್ಕಿತು ಅನ್ನುವ ಉತ್ತರ ಬರುವವರೆಗೆ ಡೇಟಾ ಇಟ್ಟುಕೊಳ್ಳುವ ಜಾಗ) ದೂರಕ್ಕೆ ತಕ್ಕಂತೆ ಏರಿಸುವುದು ಮೊದಲನೆಯದು. ಪ್ಯಾಕೆಟ್ ಕಳೆದ ಕೂಡಲೇ ಬೆದರದ ಬಿಬಿಆರ್ ಅನ್ನುವ ದಟ್ಟಣೆ ನಿಯಂತ್ರಣ ವಿಧಾನ ಎರಡನೆಯದು. ಲಿನಕ್ಸ್‌ನಲ್ಲಿ ಅದು ಇದೆ, ಆನ್ ಮಾಡಿದರೆ ಸಾಕು.

ಮೂರನೆಯದು ಜನ ಮರೆಯುವಂಥದ್ದು. ಓದುವ ಸಾಫ್ಟ್‌ವೇರ್ ಒಂದು ಚೂರು ಕೇಳಿ, ಅದು ಪೂರ್ತಿ ಬಂದ ಮೇಲೆ ಮುಂದಿನದು ಕೇಳಿದರೆ ಪ್ರತಿ ಚೂರಿಗೂ ಒಂದು ಸುತ್ತು ಸುಮ್ನೆ ಕಾಯಬೇಕು. 10 ಮೆಗಾಬಿಟ್‌ನ ಕನೆಕ್ಷನ್‌ನಲ್ಲಿ 700 ಕಿಲೋಬೈಟ್ ಇಳಿಯಲು 0.56 ಸೆಕೆಂಡ್. ಕಾಯುವುದು 0.15. ಐದರಲ್ಲಿ ಒಂದು ಭಾಗ ಸಮಯ ಖಾಲಿ ಹೋಯಿತು. ಮೊದಲನೆಯದು ಬರುವ ಮುಂಚೆಯೇ ಮುಂದಿನದು ಕೇಳುವುದಕ್ಕೆ ಪೈಪ್‌ಲೈನಿಂಗ್ ಅನ್ನುತ್ತಾರೆ. ನ್ಯೂಸ್‌ಗ್ರೂಪ್ ಸರ್ವರ್ ಜೊತೆ ಮಾತಾಡುವ ಎನ್‌ಎನ್‌ಟಿಪಿ ಅನ್ನುವ ವಿಧಾನದ 2006ರ ನಿಯಮದಲ್ಲಿ ಅದಕ್ಕೆ ಅವಕಾಶ ಇದೆ. ನಿಮ್ಮ ಸರ್ವರ್ ಅದನ್ನು ತಡೆಯದಂತೆ ನೋಡಿಕೊಳ್ಳಿ.

ರಾಯಚೂರಿನಲ್ಲಿ ನಾನೂ ಒಂದು ಶುರು ಮಾಡ್ಬೇಕು. ಎಲ್ಲಾ ಗುಂಪೂ ಇಡ್ಬಹುದಾ?

ಬರಹದ ಗುಂಪು ಎಲ್ಲಾ ಇಡಬಹುದು. ಒಂದು ಹಳೆ ಕಂಪ್ಯೂಟರ್, ಸ್ಥಿರ ಐಪಿ ಇರುವ ಲೈನ್, ಐಎನ್‌ಎನ್ ಅನ್ನುವ ಉಚಿತ ಸಾಫ್ಟ್‌ವೇರ್ ಸಾಕು. 1992ರಿಂದ ಇದೆ, ಗಟ್ಟಿ ಸಾಫ್ಟ್‌ವೇರ್.

ಫೈಲ್ ಗುಂಪುಗಳ ಆಸೆ ಬಿಡಿ. ಈಗ ದಿನಕ್ಕೆ ನೂರಾರು ಟೆರಾಬೈಟ್ ಬರುತ್ತದೆ. 1 ಗಿಗಾಬಿಟ್ ಲೈನ್ ದಿನಪೂರ್ತಿ ತುಂಬಿ ಹರಿದರೂ 10.8 ಟೆರಾಬೈಟ್ ಮಾತ್ರ. ಅಂಥ ಹತ್ತಾರು ಲೈನ್ ಬೇಕು, ಬಂದದ್ದನ್ನು ವರ್ಷಗಟ್ಟಲೆ ಇಡಲು ಡಿಸ್ಕ್ ಬೇಕು. ಲೋಕದಲ್ಲಿ ಕೆಲವೇ ಕಂಪನಿಗಳು ಇದನ್ನು ಮಾಡುತ್ತವೆ. ಉಳಿದವರೆಲ್ಲ ನಮ್ಮ ಹಾಗೆ ಅವರಿಂದ ಕೊಂಡು ಮಾರುವವರು. ಗ್ರಾಹಕರಿಗೆ ಇದನ್ನು ಮುಚ್ಚಿಡಬೇಡಿ. ಸರ್ವರ್ ಎಲ್ಲಿದೆ, ಎಷ್ಟು ದೂರ ಅಂತ ಮೊದಲೇ ಹೇಳಿ. ಸ್ಪೀಡ್ ಬಗ್ಗೆ ಬರುವ ಅರ್ಧ ಜಗಳ ಅಲ್ಲೇ ತಪ್ಪುತ್ತದೆ.

ಮತ್ತೆ, ಧೂಳು. ಬೇಸಿಗೆಯಲ್ಲಿ ನಮ್ಮಲ್ಲೂ ನಿಮ್ಮಲ್ಲೂ ಬಿಸಿಲು 40 ದಾಟುತ್ತದೆ. ಸಂಡೂರು ಕಡೆಯ ಅದಿರಿನ ಕೆಂಪು ಧೂಳು ಫ್ಯಾನಿಗೆ ಕೂತರೆ ಪ್ರೊಸೆಸರ್ ಬಿಸಿಯಾಗಿ ತಾನೇ ವೇಗ ಇಳಿಸಿಕೊಳ್ಳುತ್ತದೆ. ಲೈನ್ ನಿಧಾನ ಅಂತ ನೀವು ಹುಡುಕುತ್ತಾ ಕೂರುತ್ತೀರಿ. ಗಾಳಿ ಒಳಬರುವ ಕಡೆ ಜಾಲರಿ ಹಾಕಿ, ವಾರಕ್ಕೊಮ್ಮೆ ತೊಳೆಯಿರಿ. ಕರಟಗಿ, ಸಿಂಧನೂರು ಕಡೆ ಅಕ್ಕಿ ಗಿರಣಿಯ ತೌಡಿನ ಧೂಳಿಗೂ ಇದೇ ಮದ್ದು.

ನೀವೇ ನಮಗೆ ಫೀಡ್ ಕೊಡ್ತೀರಾ? ಸ್ಪ್ಯಾಮ್ ಜೊತೆ ಬರುತ್ತಾ?

ಬರಹದ ಫೀಡ್, ಅಂದರೆ ನಮ್ಮ ಸರ್ವರ್‌ಗೆ ಬಂದ ಬರಹಗಳ ಪ್ರತಿ, ಖಂಡಿತ ಕೊಡುತ್ತೇವೆ, ದುಡ್ಡಿಲ್ಲದೆ. ನಿಮ್ಮ ಸರ್ವರ್‌ನ ಪೂರ್ತಿ ಹೆಸರು, ಸ್ಥಿರ ಐಪಿ, ಬೇಕಾದ ಗುಂಪುಗಳ ಪಟ್ಟಿ ಕಳಿಸಿ. ಪ್ರತಿ ಬರಹದ ಮೇಲೂ ಅದು ಹಾದುಬಂದ ಸರ್ವರ್‌ಗಳ ಹೆಸರು ಇರುತ್ತದೆ. ಅದನ್ನು ನೋಡಿಯೇ ಒಂದೇ ಬರಹವನ್ನು ಮರಳಿ ಕಳಿಸುವುದು ತಪ್ಪುತ್ತದೆ. ಹಾಗಾಗಿ ಆ ಹೆಸರನ್ನು ಆಮೇಲೆ ಬದಲಿಸಬೇಡಿ. ನಮ್ಮೊಬ್ಬರನ್ನೇ ನಂಬಬೇಡಿ, ಇನ್ನೂ ಇಬ್ಬರು ಜೊತೆಗಾರರನ್ನು ಹಿಡಿಯಿರಿ. ಬಳ್ಳಾರಿಯಲ್ಲಿ ಲೈನ್ ಹರಿದ ದಿನವೂ ರಾಯಚೂರಿಗೆ ಬರಹ ಬರಬೇಕಲ್ವಾ?

ಸ್ಪ್ಯಾಮ್ ಗೂಗಲ್ ಹೊರಟ ಮೇಲೆ ತುಂಬಾ ಕಡಿಮೆಯಾಗಿದೆ. ಉಳಿದದ್ದನ್ನು ಕ್ಲೀನ್‌ಫೀಡ್ ಅನ್ನುವ ಸ್ಪ್ಯಾಮ್ ಸೋಸುವ ಸಾಫ್ಟ್‌ವೇರ್ ಹಿಡಿಯುತ್ತದೆ. ಫೀಡ್ ತೆಗೆದುಕೊಳ್ಳುವ ಮೊದಲೇ ಅದನ್ನು ಹಾಕಿ. ನಿಮ್ಮ ಬಳಕೆದಾರರು ಕಳಿಸುವ ಬರಹಕ್ಕೂ ಒಂದು ದಿನದ ಮಿತಿ ಇಡಿ. ನಿಮ್ಮ ಸರ್ವರ್‌ನಿಂದ ಕಸ ಬಂದರೆ ಜೊತೆಗಾರರು ಫೀಡ್ ನಿಲ್ಲಿಸುತ್ತಾರೆ. ನಾವೂ ನಿಲ್ಲಿಸುತ್ತೇವೆ, ಆದರೆ ಮೊದಲು ಫೋನ್ ಮಾಡಿ ಹೇಳುತ್ತೇವೆ.